ಶೋಧಕದೊಳಗಿನ ಮಿಂಚು

ಉಯ್ಯಾಲೆಯನ್ನು ತಕ್ಕ ಸಮಯಕ್ಕೆ ಮೆಲ್ಲನೆ ತಳ್ಳುತ್ತ ಹೋದರೆ ಅದು ಬಹು ಎತ್ತರಕ್ಕೇರುವುದನ್ನು ನಾವೆಲ್ಲರೂ ಬಲ್ಲೆವು. ಮೈಕ್ರೋವೇವ್ ಶೋಧಕದಲ್ಲಿ ನಡೆಯುವುದೂ ಇದೇ. ಪ್ರೇಷಕದಿಂದ ಹೊರಡುವ ಅಲೆಗಳಲ್ಲಿ ಬೇಕಾದ ಆವರ್ತಾಂಕಗಳನ್ನು ಮಾತ್ರ ಮುಂದಕ್ಕೆ ಬಿಟ್ಟು ಉಳಿದವನ್ನು ತಡೆಯುವ ಈ ಉಪಕರಣವು ಸಾಮಾನ್ಯವಾಗಿ ಲೋಹದ ಟೊಳ್ಳುಕೋಣೆಗಳ ಒಂದು ಸಾಲು. ಪ್ರತಿ ಕೋಣೆಯಲ್ಲಿಯೂ ಅಲೆಯು ಅನುರಣಿಸಿ ಶಕ್ತಿಯು ಸಂಗ್ರಹವಾಗುತ್ತದೆ. ಆಯ್ದ ಆವರ್ತಾಂಕಗಳ ಪಟ್ಟಿಯು ಕಿರಿದಾದಷ್ಟೂ ಸಂಗ್ರಹವು ಅಧಿಕ. ವಿದ್ಯುತ್ ಕ್ಷೇತ್ರವೂ ಪ್ರಬಲ.

ಅಪಾಯವಿರುವುದು ಇಲ್ಲಿಯೇ. ವಾಯುಮಂಡಲದ ಸಾಮಾನ್ಯ ಒತ್ತಡದಲ್ಲಿ ಕ್ಷೇತ್ರವು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟುಗಳನ್ನು ಮುಟ್ಟಿದರೆ ಗಾಳಿಯು ಅವಾಹಕವಾಗಿ ಉಳಿಯದು. ಕಿಡಿ ಹಾರಿ ಲೋಹವು ಸುಡುತ್ತದೆ. ಶಕ್ತಿಯು ಹಿಂದಿರುಗಿ ಪ್ರೇಷಕವನ್ನೂ ಕೆಡಿಸಬಲ್ಲದು. ಆದುದರಿಂದ ರಚನಕಾರರು ಕಿರಿದಾದ ಎಡೆಗಳನ್ನು ಹಿಗ್ಗಿಸುತ್ತಾರೆ, ಚೂಪಾದ ಅಂಚುಗಳನ್ನು ದುಂಡಾಗಿಸುತ್ತಾರೆ. ಕೆಲವೊಮ್ಮೆ ಅಧಿಕ ಒತ್ತಡದ ಅನಿಲವನ್ನು ತುಂಬುತ್ತಾರೆ. ಒಳಮೈಗೆ ಬೆಳ್ಳಿಯನ್ನು ಲೇಪಿಸಿ ಶಾಖೋತ್ಪತ್ತಿಯನ್ನು ತಗ್ಗಿಸುತ್ತಾರೆ.

ಕೃತಕ ಉಪಗ್ರಹದಲ್ಲಿ ಗಾಳಿಯೇ ಇಲ್ಲವಲ್ಲ, ಅಲ್ಲಿ ಚಿಂತೆಯೇಕೆ ಎಂದು ಕೇಳಬಹುದು. ನಿರ್ವಾತದಲ್ಲಿ ಬಿಡಿ ಎಲೆಕ್ಟ್ರಾನೊಂದು ಗೋಡೆಗೆ ಬಡಿದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಹೊರಡಿಸಬಲ್ಲದು. ಅಲೆಯ ತಾಳಕ್ಕೆ ಸರಿಯಾಗಿ ಅವು ಎದುರುಗೋಡೆಯನ್ನು ಬಡಿದರೆ ಹಿಂಡು ಬೆಳೆಯುತ್ತಲೇ ಹೋಗುತ್ತದೆ. ಅಷ್ಟು ಎತ್ತರದಲ್ಲಿ ಕೆಟ್ಟರೆ ದುರಸ್ತಿಗೆ ಹೋಗುವವರಾರು? ಅದಕ್ಕಾಗಿಯೇ ಉಡಾವಣೆಗೆ ಮುನ್ನ ಇಂತಹ ಶೋಧಕಗಳನ್ನು ನಿರ್ವಾತಕೋಶದಲ್ಲಿಟ್ಟು, ಅಧಿಕ ಶಕ್ತಿಯನ್ನು ಹಾಯಿಸಿ ಪರೀಕ್ಷಿಸುತ್ತಾರೆ. ಶೋಧಕವು ಚೆನ್ನಾಗಿ ಆಯ್ದರೆ ಸಾಲದು, ಆಯ್ದುದನ್ನು ತಾಳಿಕೊಳ್ಳಲೂ ಬೇಕು.