ಕದ್ದ ಮಾಲು, ಕೊಂಡ ಕೈ

ಸಂಕ್ರಾಂತಿಯ ಹೊತ್ತಿಗೆ ಕೊಡಗಿನಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಏರುತ್ತದೆ. ಕೊಯ್ದ ಹಣ್ಣು ಕಣದಲ್ಲಿ ಹತ್ತು ಹದಿನೈದು ದಿನ ಬಿಸಿಲುಣ್ಣಬೇಕು. ಆ ದಿನಗಳಲ್ಲಿ ಬೆಳೆಗಾರನಿಗೆ ಹಗಲೆಲ್ಲ ಮೋಡದ ಭಯ, ಇರುಳೆಲ್ಲ ಕಳ್ಳನ ಭಯ. ಎರಡೆಕರೆಯ ಒಡೆಯನೊಬ್ಬನ ಕಣದಿಂದ ಹತ್ತು ಚೀಲ ಮಾಯವಾದರೆ ಬ್ಯಾಂಕಿನ ಸಾಲದ ಕಂತೂ ಮಗಳ ಕಾಲೇಜಿನ ಶುಲ್ಕವೂ ಅದರೊಡನೆ ಹೋದಂತೆಯೆ.

ಆದರೆ ಕೇಳುಗರೆ, ಕಳ್ಳನು ಹತ್ತು ಚೀಲ ಕಾಫಿಯನ್ನು ಕುಡಿಯುವುದಕ್ಕಾಗಿ ಕದಿಯುವವನಲ್ಲ. ಅವನಿಗೆ ಕೊಳ್ಳುವವನೊಬ್ಬ ಬೇಕು. ಕೊಳ್ಳುವವನನ್ನು ತೋರಿಸಿಕೊಡುವವನೊಬ್ಬ ಬೇಕು. 1942ರ ಕಾಫಿ ಕಾಯಿದೆಯ ಕಾಲದಲ್ಲಿ ಬೆಳೆಯು ಕಾಫಿ ಮಂಡಳಿಯ ಪೂಲಿಗೆ ಸೇರಬೇಕಾಗಿದ್ದುದರಿಂದ ಈ ದಾರಿ ಕಿರಿದಾಗಿತ್ತು. ಮುಚ್ಚಿಯೇ ಹೋಗಿತ್ತೆಂದು ನಾನು ಹೇಳಲಾರೆ. 1990ರ ದಶಕದಲ್ಲಿ ಆ ವ್ಯವಸ್ಥೆ ಕೊನೆಗೊಂಡು ಮಾರುಕಟ್ಟೆ ತೆರೆಯಿತು. ಈಗಂತೂ ಫೋನಿನಲ್ಲಿ ಒಂದು ಚಿತ್ರ, ಒಂದು ಬೆಲೆ ಹಾಕಿದರೆ ಸಾಕು. ಗೋಣಿಕೊಪ್ಪದ ಮಾಲಿಗೆ ಬೆಳಗಾಗುವುದರೊಳಗೆ ದೂರದ ಊರಿನ ಗಿರಾಕಿ ಸಿಕ್ಕಾನು.

ನಡುವಿನ ಈ ಮನುಷ್ಯನನ್ನು ಕಾನೂನು ಬಹು ಹಿಂದೆಯೇ ಗುರುತಿಸಿತ್ತು. 1860ರ ಭಾರತೀಯ ದಂಡ ಸಂಹಿತೆಯ 411ನೆಯ ಕಲಮು ಕದ್ದ ಮಾಲನ್ನು ಪಡೆದವನಿಗೂ, 414ನೆಯದು ಅದನ್ನು ಬಚ್ಚಿಡಲೋ ಸಾಗಹಾಕಲೋ ನೆರವಾದವನಿಗೂ 3 ವರ್ಷದವರೆಗಿನ ಸೆರೆಯನ್ನು ವಿಧಿಸಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೆರಡೂ 317ನೆಯ ಕಲಮಿನಡಿ ಸೇರಿವೆ. ಅದನ್ನೇ ಕಸುಬಾಗಿ ಮಾಡಿಕೊಂಡವನಿಗೆ ಜೀವಾವಧಿಯವರೆಗೂ ಶಿಕ್ಷೆಯುಂಟು. ಮಾಲು ಎಷ್ಟು ಕೈ ದಾಟಿದರೂ, ದೇಶದ ಗಡಿಯನ್ನೇ ದಾಟಿದರೂ, ನಿಜವಾದ ಹಕ್ಕುದಾರನ ವಶಕ್ಕೆ ಮರಳುವ ತನಕ ಅದು ಕದ್ದ ಮಾಲೇ. ಸಂತೆಯಲ್ಲಿ ಮಾರಿದರೂ ಫೋನಿನಲ್ಲಿ ಮಾರಿದರೂ ಭೇದವಿಲ್ಲ. ಜಾಹೀರಾತಿಗೆ ಜಾಗ ಕೊಟ್ಟ ಜಾಲತಾಣಕ್ಕೆ ಮಾತ್ರ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮಿನ ರಕ್ಷಣೆ ಇದೆ. ಅದು ತಾನೇ ಕೈಜೋಡಿಸಿದರೆ, ಇಲ್ಲವೆ ನ್ಯಾಯಾಲಯದ ಆದೇಶವೋ ಸರಕಾರದ ಸೂಚನೆಯೋ ಬಂದ ಮೇಲೂ ಜಾಹೀರಾತನ್ನು ತೆಗೆಯದಿದ್ದರೆ, ಆ ರಕ್ಷಣೆ ತಪ್ಪುತ್ತದೆ.

ಗಂಟು ಇರುವುದು ಒಂದೇ ಮಾತಿನಲ್ಲಿ: ಕದ್ದದ್ದೆಂದು ತಿಳಿದಿರಬೇಕು, ಅಥವಾ ಹಾಗೆ ನಂಬಲು ಕಾರಣವಿರಬೇಕು. ಪರಿಚಿತನೊಬ್ಬ ಬಂದು, "ಅಣ್ಣಾ, ನನ್ನ ಫೋನು ಕೆಟ್ಟಿದೆ, ಈ ಐದು ಚೀಲ ಮೆಣಸಿನ ಫೋಟೋ ನಿನ್ನ ಹೆಸರಲ್ಲಿ ಹಾಕು" ಎಂದರೆ, ಹಾಕಿದ ಹುಡುಗ ಅಪರಾಧಿಯೆ? ಏನನ್ನೂ ಅರಿಯದೆ ಹಾಕಿದ್ದರೆ ಅಲ್ಲ. ಆದರೆ ಕೇಳಿದವನಿಗೆ ಒಂದು ಮೆಣಸಿನ ಬಳ್ಳಿಯೂ ಇಲ್ಲವೆಂದು ಅವನಿಗೆ ಗೊತ್ತು. ಬೆಲೆ ಪೇಟೆಯ ಅರ್ಧ. ಮಾಲು ಬರುವುದು ನಡುರಾತ್ರಿ. ಮಾರಿದ್ದರಲ್ಲಿ ಇವನಿಗೂ ಒಂದು ಪಾಲುಂಟು. ಆಗ "ನನಗೇನು ಗೊತ್ತಿತ್ತು" ಎಂಬ ಮಾತು ನಿಲ್ಲುವುದು ಕಷ್ಟ.

ಇನ್ನೊಂದು ತೊಡಕಿದೆ. ಕದ್ದ ಫೋನಿಗಾದರೆ 15 ಅಂಕಿಯ ಗುರುತು ಉಂಟು. ಕಾಫಿಯ ಬೀಜಕ್ಕೆ ಹೆಸರಿಲ್ಲ. ಒಂದು ಕಣದ ಕಾಫಿಯನ್ನು ಇನ್ನೊಂದರ ಮೇಲೆ ಸುರಿದರೆ ಬ್ರಹ್ಮನೂ ಬೇರ್ಪಡಿಸಲಾರ. ಹಾಗಾಗಿ ಚೀಲದ ಗುರುತು, ಸಾಗಿಸಿದ ವಾಹನ, ಫೋನಿನಲ್ಲಿ ಉಳಿದ ಸಂದೇಶ, ಹಣ ಸಂದಾಯವಾದ ಲೆಕ್ಕ, ಇವೇ ಸಾಕ್ಷಿಗಳಾಗಬೇಕು. ಕಳವಾದ ಸ್ವಲ್ಪದರಲ್ಲೇ ಮಾಲು ಸಿಕ್ಕಿ, ಇಟ್ಟುಕೊಂಡವನು ಅದು ಬಂದ ಬಗೆಯನ್ನು ಹೇಳದಿದ್ದರೆ, ಅವನು ಕಳ್ಳನೋ ತಿಳಿದು ಪಡೆದವನೋ ಆಗಿರಬೇಕೆಂದು ನ್ಯಾಯಾಲಯ ಊಹಿಸಬಹುದೆಂದು ಸಾಕ್ಷ್ಯದ ಕಾನೂನು 1872ರಿಂದಲೂ ಹೇಳುತ್ತ ಬಂದಿದೆ. ಊಹಿಸಬಹುದು, ಅಷ್ಟೆ, ಊಹಿಸಲೇಬೇಕೆಂದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವುಂಟು. ಕಳವಾದ ಮರುದಿನ ಎಲ್ಲರ ಕಣ್ಣು ಮೊದಲು ಬೀಳುವುದು ಲೈನುಮನೆಯ ಕೂಲಿಯವರ ಮೇಲೆ. ಬಳ್ಳಿಯ ಬುಡದಲ್ಲಿ ಉದುರಿದ ಕಾಳನ್ನು ಒಡೆಯನ ಒಪ್ಪಿಗೆಯಿಂದಲೇ ಆರಿಸಿಕೊಂಡ ಹೆಂಗಸು ನಾಲ್ಕು ಸೇರು ಮೆಣಸನ್ನು ಪೇಟೆಗೆ ತಂದರೆ ತೋರಿಸಲು ಅವಳ ಬಳಿ ಏನಿದೆ? ತೋಟದವರು ತೂಕವನ್ನೂ ತಾರೀಕನ್ನೂ ಬರೆದು ಅವಳ ಕೈಗೊಂದು ಚೀಟಿ ಕೊಟ್ಟಿದ್ದರೆ, ಅಂಗಡಿಯವನು ಅದನ್ನು ನೋಡಿ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದರೆ, ಪೊಲೀಸಿನವರು ಬಂದ ದಿನ ಇಬ್ಬರಿಗೂ ಹೇಳಲು ಒಂದು ಉತ್ತರವಿರುತ್ತಿತ್ತು.