ಜುಟ್ಟು ನೋಡಿ ಹೆಸರಿಡಬೇಡಿ

ಆಂಧ್ರದ ಆದವಾನಿಯ ಕೋಟೆಗುಡ್ಡ ಹತ್ತುತ್ತಿದ್ದರೆ ಬಂಡೆಗಳ ನಡುವಿನ ಪೊದೆಗಳಿಂದ ಚುರುಕಾದ ಹಕ್ಕಿದನಿ ಕೇಳುತ್ತದೆ. ಕಪ್ಪು ತಲೆ, ನೆತ್ತಿಯ ಮೇಲೊಂದು ಜುಟ್ಟು. ಕನ್ನಡದವರು ಇದನ್ನು ಪಿಕಳಾರ ಎನ್ನುತ್ತಾರೆ, ತೆಲುಗಿನವರು ಪಿಗಿಲಿ ಪಿಟ್ಟ. ಆದರೆ ಯಾವ ಪಿಕಳಾರ ಎಂದು ಹೇಳಲು ಜುಟ್ಟೊಂದೇ ಸಾಲದು.

ಜುಟ್ಟಿರುವ ಪಿಕಳಾರಗಳಲ್ಲಿ ನಮಗೆ ಹೆಚ್ಚಾಗಿ ಕಾಣುವವು ಎರಡು. ಎರಡಕ್ಕೂ ಬಾಲದ ಬುಡ ಕೆಂಪು, ಗೊಂದಲ ಹುಟ್ಟುವುದೇ ಅಲ್ಲಿ. ಮಲೆನಾಡು, ಕೊಡಗಿನ ಕಾಡಂಚು ಮತ್ತು ಕಾಫಿ ತೋಟಗಳಲ್ಲಿ ನಲಿಯುವ ಕೆಮ್ಮೀಸೆ ಪಿಕಳಾರದ ಜುಟ್ಟು ನೆಟ್ಟಗೆ, ಚೂಪಾಗಿ ನಿಲ್ಲುತ್ತದೆ. ಕೆನ್ನೆ ಬಿಳಿ, ಕಣ್ಣಿನ ಹಿಂದೆ ಕೆಂಪು ಮಚ್ಚೆ. ಮರಿಹಕ್ಕಿಗೆ ಆ ಮಚ್ಚೆ ಇರುವುದಿಲ್ಲ. ಆದವಾನಿಯಂಥ ಒಣನಾಡಿನಲ್ಲಿ ಸಾಮಾನ್ಯವಾಗಿರುವುದು ಇನ್ನೊಂದು. ಅದರ ಜುಟ್ಟು ಗಿಡ್ಡ, ಮೈಮೇಲೆ ಮೀನಿನ ಹುರುಪೆಯಂಥ ಗೆರೆ. ಹಾರುವಾಗ ಸೊಂಟದ ಬಿಳುಪು ಎದ್ದು ಕಾಣುತ್ತದೆ, ಬಾಲದ ತುದಿಯೂ ಬಿಳಿ. 1766ರಲ್ಲಿ ಇದಕ್ಕೆ ಹೆಸರಿಟ್ಟ ಲಿನೇಯಸ್ ಇದನ್ನು ಆಫ್ರಿಕಾದ ಹಕ್ಕಿಯೆಂದೇ ನಂಬಿದ್ದ. ಅದಕ್ಕೇ ಇಂದಿಗೂ ಇದರ ವೈಜ್ಞಾನಿಕ ಹೆಸರಿನಲ್ಲಿ 'ಕಾಫರ್' ಉಳಿದುಕೊಂಡಿದೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಜುಟ್ಟಿಲ್ಲದ ಮೂರನೆಯದು: ಹಳದಿ ಕೊರಳಿನ ಪಿಕಳಾರ. ಮೈ ಬೂದು ಮಿಶ್ರಿತ ಹಸಿರು, ಕೊರಳು ಮತ್ತು ಬಾಲದ ಬುಡ ಹಳದಿ. ಮದ್ರಾಸ್ ಸೇನೆಯ ವೈದ್ಯ ಟಿ.ಸಿ. ಜೆರ್ಡನ್ 1845ರಲ್ಲಿ ಇದನ್ನು ವಿವರಿಸಿದರು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇದು ಇಲ್ಲ. ನಂದಿಬೆಟ್ಟ, ರಾಮನಗರ, ಹಂಪಿ–ದರೋಜಿ, ಆಂಧ್ರದ ಹಾರ್ಸ್ಲಿ ಹಿಲ್ಸ್ ಇದರ ನೆಲೆಗಳು. ಬಂಡೆಯ ಸಂದಿಯಲ್ಲಿ ಬೇರೂರಿದ ಗೋಣಿ, ಬಸರಿ ಮರಗಳ ಹಣ್ಣು ಇದಕ್ಕೆ ಪ್ರಿಯ. ನೆಲೆ ಇಷ್ಟು ಕಿರಿದಾಗಿರುವುದರಿಂದಲೇ ಕಲ್ಲುಗಣಿಗಾರಿಕೆಯ ಪೆಟ್ಟು ಇದಕ್ಕೆ ಜೋರಾಗಿ ಬೀಳುತ್ತದೆ. ಅಳಿವಿನ ಅಪಾಯವಿರುವ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿ ಇದೂ ಸೇರಿದೆ.

1953ರ ಅಕ್ಟೋಬರ್ 1ರವರೆಗೆ ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಹಂಪಿಯಲ್ಲಿ ಕಾಣುವಂಥ ಕಗ್ಗಲ್ಲಿನ ಗುಡ್ಡಗಳೇ ಇಲ್ಲಿಯೂ ಇವೆ, ಹಾಗಾಗಿ ಹಳದಿ ಕೊರಳಿನದೂ ಇಲ್ಲಿ ಇರಬಹುದು. ರಣಮಂಡಲದ ಆಂಜನೇಯನ ದರ್ಶನಕ್ಕೆ ಮೆಟ್ಟಿಲು ಹತ್ತುವ ಗೆಳೆಯರೇ, ಬೆಳಗಿನ ಹೊತ್ತು ಹಣ್ಣುಬಿಟ್ಟ ಗೋಣಿಮರದ ಬಳಿ ತುಸು ನಿಲ್ಲಿ. ಮೊದಲು ಕೊರಳು ನೋಡಿ, ಆಮೇಲೆ ಬಾಲದ ಬುಡ, ಕೊನೆಗೆ ಜುಟ್ಟು. ಹಳದಿ ಕೊರಳು ಕಂಡರೆ ಫೋಟೊ ತೆಗೆದು, ದಿನಾಂಕ ಮತ್ತು ಜಾಗದೊಂದಿಗೆ ಹಕ್ಕಿವೀಕ್ಷಕರ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಿ. ಗುಡ್ಡ ಒಡೆಯಲು ಅರ್ಜಿ ಬಂದ ದಿನ ಆ ದಾಖಲೆ ಬೇಕಾಗುತ್ತದೆ.