ಖಾಲಿ ಬೆಂಚುಗಳ ಸಮಾಜಶಾಸ್ತ್ರ

ಭಾನುವಾರ ಚರ್ಚಿನಲ್ಲಿ ಬೆಂಚುಗಳು ಖಾಲಿ. ಜನರಿಗೆ ನಂಬಿಕೆ ಹೋಯ್ತಾ? ಪಾದ್ರಿಗೆ ಮೊದಲು ಬರೋ ಅನುಮಾನ ಇದೇ. ಸಮಾಜಶಾಸ್ತ್ರ ಕೇಳೋದು ಬೇರೆ ಪ್ರಶ್ನೆ: ಮೊದಲು ಅವರು ಯಾರ ಜೊತೆ, ಯಾಕೆ ಬರ್ತಿದ್ದರು? ಇದನ್ನ ಇವತ್ತು ನೆದರ್ಲೆಂಡ್ಸ್‌ನಲ್ಲಿ ನೋಡೋಣ.

1960ರ ದಶಕದವರೆಗೂ ಅಲ್ಲಿನ ಸಮಾಜ ಬೇರೆ ಬೇರೆ ಕಂಬಗಳ ಹಾಗೆ ನಿಂತಿತ್ತು. ಸಮಾಜಶಾಸ್ತ್ರಜ್ಞರೂ ಅದನ್ನ ಕಂಬ ಅಂತಲೇ ಕರೀತಾರೆ. ಕ್ಯಾಥೊಲಿಕರದು ಒಂದು, ಪ್ರೊಟೆಸ್ಟೆಂಟರದು ಇನ್ನೊಂದು, ಸಮಾಜವಾದಿಗಳದು ಮತ್ತೊಂದು. ಕ್ಯಾಥೊಲಿಕ್ ಮನೆಯ ಮಗುವಿಗೆ ಕ್ಯಾಥೊಲಿಕ್ ಶಾಲೆ, ಅಪ್ಪನಿಗೆ ಕ್ಯಾಥೊಲಿಕ್ ಕಾರ್ಮಿಕ ಸಂಘ, ಓದೋಕೆ ಫೋಲ್ಕ್ಸ್‌ಕ್ರಾಂಟ್ ಪತ್ರಿಕೆ, ಕೇಳೋಕೆ 1925ರಲ್ಲಿ ಶುರುವಾದ ಕೆಆರ್‌ಒ ರೇಡಿಯೋ. ಮೇಕೆ ಸಾಕೋರಿಗೂ ಬೇರೆ ಕ್ಯಾಥೊಲಿಕ್ ಸಂಘ ಅನ್ನೋದು ಅಲ್ಲಿ ಇವತ್ತಿಗೂ ತಮಾಷೆಯ ಮಾತು. 1954ರಲ್ಲಂತೂ ಸಮಾಜವಾದಿ ಕಾರ್ಮಿಕ ಸಂಘ ಸೇರಿದವರಿಗೆ ಸಂಸ್ಕಾರಗಳನ್ನ ಕೊಡೋದಿಲ್ಲ ಅಂತ ಬಿಷಪ್ಪರು ಪತ್ರ ಹೊರಡಿಸಿದರು.

ನಮಗಿದು ಪೂರ್ತಿ ಹೊಸದೇನಲ್ಲ. ಮಠಗಳ ಶಾಲೆಗಳು, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ, ಸಮುದಾಯವಾರು ಹಾಸ್ಟೆಲ್‌ಗಳನ್ನ ನೆನೆಸಿಕೊಳ್ಳಿ. ಓದೋಕೆ ಪಟ್ಟಣಕ್ಕೆ ಬಂದ ಹುಡುಗನಿಗೆ ಊಟ, ಗೆಳೆತನ, ಮುಂದೆ ಮದುವೆ ಸಂಬಂಧವೂ ಅಲ್ಲೇ ಸಿಗುತ್ತಿತ್ತು. ಒಂದು ವ್ಯತ್ಯಾಸವಿದೆ: ಡಚ್ ಕಂಬಗಳು ಹುಟ್ಟಿನ ಜಾತಿಯ ಮೇಲೆ ನಿಂತಿರಲಿಲ್ಲ. ಆದರೂ ಕಟ್ಟುವ ರೀತಿ ಹತ್ತಿರದ್ದು. ಭಾನುವಾರದ ಪೂಜೆ ಅನ್ನೋದು ಹಲವು ಎಳೆ ಸೇರಿ ಹೊಸೆದ ಹಗ್ಗದಲ್ಲಿ ಒಂದು ಎಳೆ.

ಈ ಹಗ್ಗ ಬಿಚ್ಚಿದ್ದರಲ್ಲಿ ಟಿವಿಯ ಪಾತ್ರವೂ ಇದೆ ಅಂತಾರೆ. 1964ರವರೆಗೆ ಇದ್ದದ್ದು ಒಂದೇ ಚಾನೆಲ್. ಒಂದು ಕಂಬದವರ ಕಾರ್ಯಕ್ರಮವನ್ನ ಇನ್ನೊಂದು ಕಂಬದವರೂ ನೋಡಿದರು. 1965ರಲ್ಲಿ ಫೋಲ್ಕ್ಸ್‌ಕ್ರಾಂಟ್ ತನ್ನ ಹೆಸರಿನ ಕೆಳಗಿದ್ದ ಕ್ಯಾಥೊಲಿಕ್ ಗುರುತು ತೆಗೆದುಹಾಕಿತು. 1966ರ ಸಮೀಕ್ಷೆಯಲ್ಲಿ ಯಾವ ಚರ್ಚಿಗೂ ಸೇರದವರು ಮೂವರಲ್ಲಿ ಒಬ್ಬರು. ಅದೇ ಸರಣಿಯ 2015ರ ಸಮೀಕ್ಷೆಯಲ್ಲಿ ಮೂವರಲ್ಲಿ ಇಬ್ಬರು. ನಂಬಿಕೆ ಮೊದಲು ಸಡಿಲವಾಯ್ತಾ, ಕಂಬ ಮೊದಲು ಬಿತ್ತಾ? ಇದರ ಬಗ್ಗೆ ವಾದ ಇದೆ. ಒಂದು ಇನ್ನೊಂದನ್ನ ಎಳೆದುಕೊಂಡೇ ಬಿತ್ತು ಅನ್ನೋದು ನಮ್ಮ ಅಂದಾಜು.

ಪಾದ್ರಿಗೆ ಇದರಿಂದ ಏನು ಉಪಯೋಗ? ತುಂಬಾನೇ ಇದೆ. ಜನ ದೂರವಾಗಿದ್ದಕ್ಕೆ ಒಟ್ಟಿಗೆ ಸೇರುವ ಕಾರಣಗಳೇ ಇಲ್ಲವಾದದ್ದೂ ಕಾರಣ ಆಗಿದ್ದರೆ, ಪ್ರಸಂಗ ಎಷ್ಟು ಚೆನ್ನಾಗಿದ್ದರೂ ಅದೊಂದರಿಂದಲೇ ಬೆಂಚು ತುಂಬಲ್ಲ. ಅಕ್ಕಪಕ್ಕದ ಬೀದಿಯಲ್ಲಿ ಈಗ ಯಾರಿದ್ದಾರೆ, ಅವರು ಎಲ್ಲಿ ಸೇರುತ್ತಾರೆ ಅಂತ ಹೋಗಿ ನೋಡಬೇಕು. ಡಚ್ ಕ್ಯಾಥೊಲಿಕರು 1946ರಲ್ಲೇ ಕಾಸ್ಕಿ ಅನ್ನೋ ಸಂಶೋಧನಾ ಸಂಸ್ಥೆ ಕಟ್ಟಿಕೊಂಡಿದ್ದು ಇಂಥ ಲೆಕ್ಕಕ್ಕೇ.

ಆದರೆ ಹಳೇ ಚರ್ಚುಗಳ ಸದಸ್ಯರ ಪಟ್ಟಿಯಲ್ಲಿ ಎಲ್ಲರೂ ಸಿಗಲ್ಲ. ಆಮ್‌ಸ್ಟರ್‌ಡಾಮ್‌ನ ಬೈಲ್ಮರ್ ಬಡಾವಣೆಯಲ್ಲಿ ಘಾನಾದಿಂದ ಬಂದವರು ಅಪಾರ್ಟ್‌ಮೆಂಟ್‌ಗಳ ಕೆಳಗಿನ ಪಾರ್ಕಿಂಗ್ ಗ್ಯಾರೇಜುಗಳಲ್ಲೇ ವರ್ಷಗಟ್ಟಲೆ ಆರಾಧನೆ ನಡೆಸಿದರು.